ನೆಲ ತಟ್ಟಿದರೆ ತಿರುಗುವವಳು

ಜೂನ್ 14

ಪ್ರೀತಿಯ ಅಪ್ಪ,

ಫೋನ್ ಮಾಡಿದರೆ ಅತ್ತೆ ಎತ್ತಿಕೊಳ್ಳುತ್ತಾಳೆ. ಪಕ್ಕದ ಮನೆಯವರ ಜಗಳದಿಂದ ಹಿಡಿದು ತನ್ನ ಮಂಡಿನೋವಿನ ತನಕ ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸುತ್ತಾಳೆ. “ನಿನ್ನ ತಮ್ಮ ಹೇಗಿದಾನೆ ಅತ್ತೆ?” ಅಂದರೆ ಮಾತ್ರ “ಅವನಿಗೇನು, ಗುಂಡುಕಲ್ಲಿನ ಹಾಗಿದಾನೆ” ಅಂತ ಇಟ್ಟೇಬಿಡುತ್ತಾಳೆ. ಮೊಬೈಲಿನಲ್ಲಿ ಬರೆದು ಕಳಿಸೋಣ ಎಂದರೆ ಆ ಇರುವೆ ಸಾಲು ನಿನ್ನ ಕಣ್ಣಿಗೆ ಹಿಡಿಸುವುದಿಲ್ಲ. ಕಿವಿ ಕೇಳದ ಅಪ್ಪನಿಗೆ ಕಾಗದವೇ ಗತಿ.

ನಾವು ಕ್ಷೇಮವಾಗಿ ತಲುಪಿದೆವು. ಹೆರಿಗೆಗೆಂದು ಬಂದವಳು ಇಷ್ಟು ತಿಂಗಳು ನಿನ್ನ ಮನೆಯಲ್ಲೇ ಬೀಡುಬಿಟ್ಟಿದ್ದೆನಲ್ಲ, ಇಲ್ಲಿ ನಿನ್ನ ಅಳಿಯ ಒಲೆಯ ಮೇಲೆ ಒಂದೇ ಪಾತ್ರೆ ಇಟ್ಟುಕೊಂಡು ಸಂಸಾರ ಮಾಡಿದ್ದಾರೆ. ಬೆಳಗಿನ ಬಸ್ಸು ಅವರದು. ನಾವು ಏಳುವ ಹೊತ್ತಿಗೆ ಡಿಪೋ ಸೇರಿರುತ್ತಾರೆ. ನಾನು ಮತ್ತೆ ಔಷಧಿ ಅಂಗಡಿಗೆ ಹೋಗುತ್ತಿದ್ದೇನೆ. ಮಾಲೀಕರು ಒಳ್ಳೆಯವರು, ಕೌಂಟರಿನ ಹಿಂದೆ ಚಾಪೆ ಹಾಸಿ ನಿನ್ನ ಮೊಮ್ಮಗಳು ಬಟಾಣಿಯನ್ನು ಕೂರಿಸಿಕೊಳ್ಳಲು ಬಿಟ್ಟಿದ್ದಾರೆ.

ಬಟಾಣಿಯದೇ ಚಿಂತೆ. ನಿನ್ನ ಮನೆಯಲ್ಲಿ ಎಷ್ಟು ಚುರುಕಾಗಿದ್ದಳು! ನೀನು ಹಿಮ್ಮಡಿಯಿಂದ ಹಲಗೆಯನ್ನು ಎರಡು ಸಲ ತಟ್ಟಿದರೆ ಸಾಕು, ಎಲ್ಲಿದ್ದರೂ ಕತ್ತು ತಿರುಗಿಸುತ್ತಿದ್ದಳು. ನೀನು ಪೀಪಾಯಿ ಕಾರ್ಖಾನೆಯಿಂದ ತಂದ ಈ ಅಭ್ಯಾಸ ನಮ್ಮ ಮನೆಯವರಿಗೆಲ್ಲ ಅಂಟಿಕೊಂಡು ಎಷ್ಟು ವರ್ಷವಾಯಿತು. ಬಾಯಿಂದ ಕರೆಯುವುದೇ ನಮಗೆ ಮರೆತುಹೋಗಿದೆ. ಹೊಸದರಲ್ಲಿ ನಿನ್ನ ಅಳಿಯ “ನಿಮ್ಮನೇಲಿ ಕುದುರೆ ಸಾಕಿದೀರಾ?” ಅಂತ ಕೇಳಿದ್ದರು, ನೆನಪಿದೆಯಾ? ಈಗ ನೋಡಿದರೆ ಇಲ್ಲಿ ತಟ್ಟಿ ತಟ್ಟಿ ನನ್ನ ಕಾಲು ನೋಯುತ್ತದೆ, ಇವಳು ಬೆನ್ನು ತಿರುಗಿಸಿ ಕೂತೇ ಇರುತ್ತಾಳೆ. ಅಜ್ಜನಿಂದ ಬಿಡಿಸಿ ತಂದಳು ಎಂದು ನನ್ನ ಮೇಲೆ ಮುನಿಸು. ಏಳು ತಿಂಗಳಿಗೇ ಈ ಹಟ, ಮುಂದೆ ಇನ್ನೇನು ಕಾದಿದೆಯೋ.

ಮೊನ್ನೆ ಲಸಿಕೆ ಹಾಕಿಸಲು ಆರೋಗ್ಯ ಕೇಂದ್ರಕ್ಕೆ ಹೋಗಿದ್ದೆ. ಹುಟ್ಟಿದಾಗ ಮಾಡಬೇಕಿದ್ದ ಕಿವಿ ಪರೀಕ್ಷೆ ಇವಳಿಗೆ ಆಗಿಲ್ಲ ಎಂದು ಅಲ್ಲಿನ ನರ್ಸಮ್ಮ ರಾಗ ಎಳೆದರು. ಅವತ್ತು ಆಸ್ಪತ್ರೆಯಲ್ಲಿ ಆ ಯಂತ್ರ ಕೆಟ್ಟು ಕೂತಿತ್ತು, ತಿಂಗಳು ಬಿಟ್ಟು ಬನ್ನಿ ಅಂದಿದ್ದರು, ಹೋಗುವುದು ಉಳಿದೇಹೋಯಿತಲ್ಲ. “ಕರೆದ್ರೆ ತಿರುಗ್ತಾಳಾ?” ಎಂದರು. “ಒಂದೇ ಸಲಕ್ಕೆ ತಿರುಗ್ತಾಳೆ, ನಮ್ಮಪ್ಪನ ಮನೇಲಿ ನೋಡಬೇಕಿತ್ತು ನೀವು” ಎಂದೆ. ಆದರೂ ಒಮ್ಮೆ ದೊಡ್ಡಾಸ್ಪತ್ರೆಗೆ ತೋರಿಸಿ ಎಂದರು. ರಜೆ ಸಿಕ್ಕಾಗ ನೋಡೋಣ.

ಅತ್ತೆಯ ಮಂಡಿಗೆ ಮುಲಾಮು ಕಳಿಸುತ್ತೇನೆ. ನೀನು ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಮಗಳು

*

ಜೂನ್ 22

ಮಗಳೇ,

ನಿನ್ನ ಕಾಗದ ಬಂತು. ಓದಿ ಮಡಿಸಿಟ್ಟೆ, ಮತ್ತೆ ತೆಗೆದು ಓದಿದೆ. ನಿನ್ನ ಅತ್ತೆ ಏನೆಂದು ಕೇಳಿದಳು, ಏನಿಲ್ಲ ಎಂದೆ.

ನಿನ್ನ ಮನೆಯ ನೆಲ ಸಿಮೆಂಟಿನದಲ್ಲವೇ? ನನ್ನದು ಹಲಗೆಯದು. ಕೆಳಗಿನ ಅಂಗಡಿಯಲ್ಲಿ ಬಡಗಿ ಕೊಡತಿ ಎತ್ತಿ ಹೊಡೆದರೆ ಮೇಲೆ ನನ್ನ ಅಂಗಾಲಿಗೆ ಗೊತ್ತಾಗುತ್ತದೆ. ಕಾರ್ಖಾನೆಯಲ್ಲೂ ಹಾಗೇ. ತಗಡು ಒತ್ತುವ ಪ್ರೆಸ್ಸಿನ ಅಬ್ಬರದಲ್ಲಿ ಬಾಯಿಗೆ ಬೆಲೆಯಿಲ್ಲ. ಒಬ್ಬರನ್ನೊಬ್ಬರು ಕರೆಯಬೇಕಾದರೆ ಕಬ್ಬಿಣದ ಅಟ್ಟವನ್ನು ಎರಡು ಸಲ ತಟ್ಟುತ್ತಿದ್ದೆವು. ಕಿವಿ ಇದ್ದವನೂ ತಿರುಗುತ್ತಿದ್ದ, ಹೋದವನೂ ತಿರುಗುತ್ತಿದ್ದ.

ನೀವಿಬ್ಬರೂ ಇಲ್ಲಿದ್ದಾಗ ನಾನೊಂದನ್ನು ನೋಡಿದ್ದೆ. ಬಡಗಿ ಹೊಡೆದರೆ ನಾನು ತಿರುಗುತ್ತಿದ್ದೆ, ಬಟಾಣಿಯೂ ತಿರುಗುತ್ತಿದ್ದಳು. ಮೆಟ್ಟಿಲ ಮೇಲೆ ಯಾರಾದರೂ ಬಂದರೆ ಇಬ್ಬರೂ ತಿರುಗುತ್ತಿದ್ದೆವು. ಬೀದಿಯಲ್ಲಿ ನಾಯಿ ಬೊಗಳಿದಾಗ ನಿನ್ನ ಅತ್ತೆ ಬೈದುಕೊಂಡು ಕಿಟಕಿ ಹಾಕುತ್ತಿದ್ದಳು, ನಾವಿಬ್ಬರೂ ನಮ್ಮ ಪಾಡಿಗೆ ಆಡಿಕೊಂಡಿರುತ್ತಿದ್ದೆವು. ಅಜ್ಜ ಮೊಮ್ಮಗಳ ಜೋಡಿ ಚೆನ್ನಾಗಿದೆ ಎಂದು ಆಗ ನಗು ಬರುತ್ತಿತ್ತು. ನಿನ್ನ ಕಾಗದ ಓದಿದ ಮೇಲೆ ಆ ನಗು ನಿಂತುಹೋಯಿತು.

ಸಿಮೆಂಟು ನೆಲ ಸುದ್ದಿ ಹೇಳುವುದಿಲ್ಲ ಮಗಳೇ. ಅವಳದು ಮುನಿಸಲ್ಲ ಎಂದು ನನಗೆ ಭಯವಾಗಿದೆ. ಅವಳ ಹಿಂದೆ ನಿಂತುಕೋ. ನೆರಳು ಬೀಳದಂತೆ ನೋಡಿಕೋ, ಕಾಲು ತಟ್ಟಬೇಡ. ಬಾಯಿಂದ ಕರೆ. ತಿರುಗದಿದ್ದರೆ ನರ್ಸಮ್ಮ ಹೇಳಿದ ಹಾಗೆ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗು, ರಜೆ ಕಾಯಬೇಡ. ಮಕ್ಕಳಿಗಾದರೆ ಬೇಗ ಹಿಡಿದರೆ ದಾರಿಯಿದೆಯಂತೆ. ನನ್ನ ಕಿವಿ ತೋರಿಸಲು ಹೋದಾಗ ಅಲ್ಲಿ ಗೋಡೆಯ ಮೇಲೆ ಬರೆದಿತ್ತು.

ನಾನು ಹೇಳಿದ್ದು ಸುಳ್ಳಾಗಲಿ. ಸುಳ್ಳಾದರೆ ನನ್ನಷ್ಟು ಸಂತೋಷಪಡುವವರು ಯಾರೂ ಇಲ್ಲ.

ನಿನ್ನ ಅಪ್ಪ

*

ಜುಲೈ 3

ಅಪ್ಪನವರಿಗೆ,

ನಿಮ್ಮ ಕಾಗದ ತಲುಪಿದೆ. ಕಾಮಾಲೆ ಕಣ್ಣಿನವರಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ. ನಿಮಗೆ ಕೇಳಿಸುವುದಿಲ್ಲ ಎಂದು ನನ್ನ ಮಗುವಿಗೂ ಕೇಳಿಸಬಾರದೇ?

ಇವಳು ಬೆಳಗಿನಿಂದ ಸಂಜೆಯ ತನಕ ಬಬ್ಬಬ್ಬ ಎನ್ನುತ್ತಿರುತ್ತಾಳೆ. ಕಿವುಡು ಮಗು ಹಾಗೆ ಮಾತಾಡುತ್ತದೆಯೇ? ಫೋನಿನಲ್ಲಿ ಕೇಳಿಸಿಕೊಂಡ ಅತ್ತೆಯೇ “ಬಿಡ್ತು ಅನ್ನು, ನಿಮ್ಮಪ್ಪನಿಗೂ ಮಾತು ಬಂದಿದ್ದು ಮೂರು ವರ್ಷಕ್ಕೆ” ಎಂದಳು. ಹೆತ್ತವಳಿಗೆ ಗೊತ್ತಾಗದ್ದು ನಿಮ್ಮ ಅಂಗಾಲಿಗೆ ಗೊತ್ತಾಯಿತೇ?

ಇಂಥ ಮಾತು ಇನ್ನೊಮ್ಮೆ ಬರೆಯಬೇಡಿ. ನಿಮ್ಮ ಅಳಿಯ ಓದಿ ಊಟ ಬಿಟ್ಟು ಎದ್ದರು.

ಇಂತಿ,
ನಿಮ್ಮ ಮಗಳು

*

ಆಗಸ್ಟ್ 19

ಮಗಳೇ,

ಹುಟ್ಟಿದಾಗಿನಿಂದ ನೀನು ಅಂದವಳು ಈಗ ನೀವು ಎಂದಿದ್ದೀಯ. ಆ ಒಂದು ಅಕ್ಷರ ದೊಣ್ಣೆಪೆಟ್ಟಿಗಿಂತ ಜೋರಾಗಿ ಬಿತ್ತು. ಇರಲಿ. ಕಿವುಡನ ಮುಂದೆ ಕಿನ್ನರಿ ಬಾರಿಸಿದರೂ ಒಂದೇ, ಬೈದರೂ ಒಂದೇ ಎಂದುಕೊಂಡು ಸುಮ್ಮನಾಗಬಹುದಿತ್ತು. ಆಗುತ್ತಿಲ್ಲ.

ನೀನು ಅತ್ತೆಗೆ ಫೋನ್ ಮಾಡುತ್ತೀಯ ಎಂದು ಅವಳ ಮುಖ ನೋಡಿದರೇ ತಿಳಿಯುತ್ತದೆ. ಎದುರಿಗೆ ಕೂತು ಅವಳ ತುಟಿ ನೋಡುತ್ತೇನೆ. ಸೊಪ್ಪು, ಬಸ್ಸು, ಶೀತ ಎಲ್ಲ ಬರುತ್ತದೆ. ನಾನು ಕಾದಿರುವ ಒಂದು ಮಾತು ಬರುವುದಿಲ್ಲ.

ಒಂದೇ ಕೇಳುತ್ತೇನೆ. ಬಬ್ಬಬ್ಬ ಎನ್ನುತ್ತಾಳೆ ಎಂದು ಬರೆದಿದ್ದೆಯಲ್ಲ, ಈಗಲೂ ಅನ್ನುತ್ತಾಳೆಯೇ?

ಅಪ್ಪ

*

ಅಕ್ಟೋಬರ್ 30

ಮಗಳೇ,

ಬಟಾಣಿಗೆ ಬರುವ ತಿಂಗಳು ವರ್ಷ ತುಂಬುತ್ತದೆ. ಬಡಗಿ ಒಂದು ಮರದ ಬಂಡಿ ಮಾಡಿಕೊಟ್ಟಿದ್ದಾನೆ, ಕಳಿಸಿದ್ದೇನೆ. ಗಾಲಿಗೆ ಎಣ್ಣೆ ಹಾಕಬೇಡ ಎಂದಿದ್ದಾನೆ, ಕಿರುಗುಟ್ಟಿದರೇ ಮಕ್ಕಳಿಗೆ ಇಷ್ಟವಂತೆ. ಅವನಿಗೆ ಏನು ಹೇಳಲಿ, ಹೂಂ ಎಂದೆ.

ನನ್ನ ಮೇಲಿನ ಸಿಟ್ಟು ಇರಲಿ. ಒಂದು ಸಲ ಪರೀಕ್ಷೆ ಮಾಡಿಸಿ, ಆಮೇಲೆ ಬೇಕಾದರೆ ಬದುಕಿರುವ ತನಕ ಸಿಟ್ಟಾಗಿರು. ಅಲ್ಲಿಯ ತನಕ ನಾನು ಬರೆಯುತ್ತಲೇ ಇರುತ್ತೇನೆ.

ಅಪ್ಪ

*

ಜನವರಿ 17

ಅಪ್ಪ,

ಎಲ್ಲಿಂದ ಶುರು ಮಾಡಲಿ ತಿಳಿಯುತ್ತಿಲ್ಲ. ನೀನು ಹೇಳಿದ್ದೇ ನಿಜ.

ಹೋದ ವಾರ ಅಂಗಡಿಯಲ್ಲಿ ಮೇಲಿನ ಕಪಾಟಿನಿಂದ ಟಾನಿಕ್ ಬಾಟಲಿಗಳ ಪೆಟ್ಟಿಗೆ ಜಾರಿ ಬಿತ್ತು. ಬಟಾಣಿಯ ಬೆನ್ನ ಹಿಂದೆಯೇ ಬಿತ್ತು. ಗಾಜೆಲ್ಲ ಪುಡಿ. ಸಾಲಿನಲ್ಲಿ ನಿಂತಿದ್ದವರೆಲ್ಲ ಬೆಚ್ಚಿಬಿದ್ದರು, ಒಬ್ಬಳು ಮುದುಕಿ ಎದೆ ಹಿಡಿದುಕೊಂಡಳು, ರಸ್ತೆಯಾಚೆಯ ಕ್ಷೌರದವನು ಕತ್ತರಿ ಹಿಡಿದುಕೊಂಡೇ ಓಡಿಬಂದ. ಇವಳು ಕೈಯಲ್ಲಿದ್ದ ಮುಚ್ಚಳವನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ರೆಪ್ಪೆಯೂ ಅಲುಗಲಿಲ್ಲ. ಟಾನಿಕ್ಕು ಹರಿದುಬಂದು ಚಾಪೆ ಒದ್ದೆಯಾದ ಮೇಲೆ ತಿರುಗಿ ನೋಡಿದಳು.

ಎಲ್ಲರೂ ಅವಳನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ನಾನು ಗಾಜು ಗುಡಿಸುತ್ತಾ ಕೂತೆ.

ಮಾರನೆಯ ದಿನವೇ ದೊಡ್ಡಾಸ್ಪತ್ರೆಗೆ ಹೋದೆವು. ನಿನ್ನ ಅಳಿಯ ಬಸ್ಸನ್ನು ಬೇರೆಯವರಿಗೆ ಒಪ್ಪಿಸಿ ಬಂದರು. ಕಿವಿ ವಿಭಾಗ ಹಿಂದಿನ ಕಟ್ಟಡದಲ್ಲಿದೆ, ಬೆಂಚಿನ ತುಂಬ ನಮ್ಮಂಥವರೇ. ಬಟಾಣಿಯನ್ನು ನಿದ್ದೆ ಮಾಡಿಸಿ ತಲೆಗೆ ವೈರು ಅಂಟಿಸಿದರು. ಪರೀಕ್ಷೆ ಮಾಡುವಾಕೆ ನನಗಿಂತ ಚಿಕ್ಕವಳು, ಪರದೆಯ ಮೇಲಿನ ಗೆರೆಗಳನ್ನು ನೋಡುತ್ತಿದ್ದಳು. ಆ ಗೆರೆಗಳು ಎದ್ದು ಕುಣಿಯಬೇಕಂತೆ. ಸದ್ದು ಏರಿಸುತ್ತಾ ಹೋದರೂ ಎರಡೂ ಕಿವಿಯವು ಮಲಗಿಯೇ ಇದ್ದವು.

ಆಕೆ ಬೈಯಲಿಲ್ಲ ಅಪ್ಪ. ಬೈದಿದ್ದರೆ ಚೆನ್ನಾಗಿತ್ತು. “ಇಷ್ಟು ದಿನ ನಿಮಗೆ ಅನುಮಾನ ಬರಲಿಲ್ವಾ ಅಕ್ಕಾ?” ಎಂದು ಮೆತ್ತಗೆ ಕೇಳಿದಳು. ಮೊದಲೆಲ್ಲ ಕರೆದರೆ ತಿರುಗುತ್ತಿದ್ದಳು ಎಂದೆ. ಹೇಗೆ ಕರೀತಿದ್ರಿ, ತೋರಿಸಿ ಎಂದಳು. ನಾನು ಎದ್ದು ನಿಂತು ಹಿಮ್ಮಡಿಯಿಂದ ನೆಲವನ್ನು ಎರಡು ಸಲ ತಟ್ಟಿದೆ. ಆ ಕೋಣೆಗೆ ಸದ್ದು ಹುಟ್ಟದ ಹಾಗೆ ದಪ್ಪ ಹಾಸು ಹಾಕಿದ್ದಾರೆ. ನನಗೂ ಕೇಳಿಸಲಿಲ್ಲ. ಕಾಲು ಕೆಳಗಿಟ್ಟವಳಿಗೆ ಮತ್ತೆ ಎತ್ತಲಾಗಲಿಲ್ಲ, ಅಲ್ಲೇ ಕೂತು ಅಳತೊಡಗಿದೆ. ನಿನ್ನ ಅಳಿಯ ನನ್ನ ಭುಜ ಹಿಡಿದುಕೊಂಡು ಗೋಡೆ ನೋಡುತ್ತಿದ್ದರು.

ಕಾಲ ಮಿಂಚಿಲ್ಲ ಎನ್ನುತ್ತಾರೆ. ಮೊದಲು ಕಿವಿಗೆ ಹಾಕುವ ಯಂತ್ರ ಕೊಡುತ್ತಾರೆ. ಅದರಿಂದ ಆಗದಿದ್ದರೆ ತಲೆಯೊಳಗೆ ಇಡುವ ಯಂತ್ರ, ಆಪರೇಷನ್ನು. ಅದಕ್ಕೆ ದೊಡ್ಡ ಸರದಿ ಇದೆ. “ಆರು ತಿಂಗಳು ಮುಂಚೆ ಬಂದಿದ್ರೆ ಈಗಾಗ್ಲೇ ಸರದಿ ಹತ್ರ ಬಂದಿರೋದು” ಎಂದು ಬಾಯಿ ತಪ್ಪಿ ಅಂದಳು, ಅಂದವಳೇ ಪರದೆಯ ಕಡೆ ತಿರುಗಿಕೊಂಡಳು. ಆರು ತಿಂಗಳ ಹಿಂದೆ ನಿನಗೆ ನಾನು ಏನು ಬರೆದೆ ಎಂಬುದು ನನಗೆ ಅಕ್ಷರ ಅಕ್ಷರವೂ ನೆನಪಿದೆ.

ನೀನು ಒಂದು ಪ್ರಶ್ನೆ ಕೇಳಿದ್ದೆ. ಬಬ್ಬಬ್ಬ ನಿಂತುಹೋಗಿದೆ ಅಪ್ಪ. ಯಾವತ್ತು ನಿಂತಿತು ಎಂದು ನನಗೆ ಗೊತ್ತಿಲ್ಲ. ಮಗು ಗಲಾಟೆ ಮಾಡದೆ ಕೂತಿರುತ್ತದೆ ಎಂದು ಅಂಗಡಿಗೆ ಬಂದವರೆಲ್ಲ ಹೊಗಳುತ್ತಿದ್ದರು. ನಾನು ಹೆಮ್ಮೆಪಡುತ್ತಿದ್ದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕ್ಷಮಿಸು ಅನ್ನಲು ಬಾಯಿಲ್ಲ.

ನಿನ್ನ ಮಗಳು

*

ಜನವರಿ 25

ನನ್ನ ಕೂಸೇ,

ಮತ್ತೆ ನೀನು ಎಂದು ಬರೆದೆಯಲ್ಲ, ನನಗೆ ಅಷ್ಟು ಸಾಕು. ಕ್ಷಮೆ ಗಿಮೆ ಎಲ್ಲ ನಮ್ಮಿಬ್ಬರ ನಡುವೆ ಬೇಡ.

ನಿನ್ನದೊಬ್ಬಳದೇ ತಪ್ಪು ಎಂದು ಎದೆ ಬಡಿದುಕೊಳ್ಳಬೇಡ. ಅವಳು ಹುಟ್ಟಿದಾಗ ಆಸ್ಪತ್ರೆಯ ಯಂತ್ರ ಕೆಟ್ಟಿದ್ದು ನಿನ್ನಿಂದಲ್ಲ. ತಿಂಗಳು ಬಿಟ್ಟು ಹೋಗಬೇಕಿದ್ದಾಗ ನೀನು ನನ್ನ ಮನೆಯಲ್ಲೇ ಇದ್ದೆ, ನಾನೂ ಏಳು ಹೋಗೋಣ ಎನ್ನಲಿಲ್ಲ. ತಟ್ಟಿದ ಕಾಲು ನನ್ನದು. ನಿನ್ನ ಅತ್ತೆ ಸುದ್ದಿ ಕೇಳಿದ ದಿನದಿಂದ ಬಾಯಿ ಮುಚ್ಚಿಕೊಂಡಿದ್ದಾಳೆ. ಅವಳು ಮಾತು ಬಿಟ್ಟದ್ದನ್ನು ಈ ಜನ್ಮದಲ್ಲಿ ಮೊದಲ ಸಲ ನೋಡುತ್ತಿದ್ದೇನೆ. ಕೇಳುವ ಮಾತೇ ಇಲ್ಲದ ಮನೆಯಲ್ಲಿ ನಾನೊಬ್ಬನೇ ಕಿವುಡ ಎನ್ನುವ ಹಾಗಿಲ್ಲ ಈಗ.

ಸದ್ದಿಲ್ಲದೆ ಬಟಾಣಿ ಹೆದರುತ್ತಾಳೆಂದು ಚಿಂತಿಸಬೇಡ. ಅವಳಿಗೆ ಅದರ ಪರಿಚಯವೇ ಇಲ್ಲ, ಇಲ್ಲದ್ದಕ್ಕೆ ಅಳುವುದಿಲ್ಲ. ಅಳುವವನು ನನ್ನಂಥವನು. ನಿನ್ನ ಅಮ್ಮನ ದನಿ ಹೇಗಿತ್ತು ಎಂದು ನೆನಪಿಸಿಕೊಳ್ಳಲು ಹೋಗುತ್ತೇನೆ, ಪ್ರೆಸ್ಸಿನ ಸದ್ದು ಬರುತ್ತದೆ. ನನಗೆ ಕೊಟ್ಟ ಕಿವಿಯಂತ್ರ ಆ ಗದ್ದಲವನ್ನೇ ದೊಡ್ಡದು ಮಾಡಿತು, ಅದಕ್ಕೇ ಡಬ್ಬಿಯಲ್ಲಿಟ್ಟೆ. ನನ್ನದು ಮುಗಿದ ಕಥೆ. ಅವಳದು ಹಾಗಾಗಬಾರದು.

ಆಸ್ಪತ್ರೆಯವರು ಯಾವತ್ತು ಬಾ ಎಂದರೂ ಹೋಗು. ಸರದಿ ತಪ್ಪಿಸಬೇಡ. ಬೆಂಚಿನ ಮೇಲೆ ಕಾದು ಕಾದು ಬೇಜಾರಾದರೆ ನನಗೆ ಬರೆ.

ನಿನ್ನ ಅಪ್ಪ

*

ಸೆಪ್ಟೆಂಬರ್ 28

ಪ್ರೀತಿಯ ಅಪ್ಪ,

ಆಪರೇಷನ್ ಆಗಿ ತಿಂಗಳಾಯಿತು ಎಂದು ಅತ್ತೆ ಹೇಳಿರುತ್ತಾಳೆ. ಕೂದಲು ಬೋಳಿಸಿದ ಕಡೆ ಮತ್ತೆ ಬರುತ್ತಿದೆ. ಕಿವಿಯ ಹಿಂದೆ ಚರ್ಮದ ಕೆಳಗೆ ಒಂದು ಪುಟ್ಟ ಯಂತ್ರ, ಅದರಲ್ಲೊಂದು ಅಯಸ್ಕಾಂತ ಇಟ್ಟಿದ್ದಾರೆ. ಹೊರಗಿನಿಂದ ಗುಂಡನೆಯ ಬಿಲ್ಲೆಯೊಂದನ್ನು ಅಲ್ಲಿಗೆ ಒಯ್ದರೆ ತಾನಾಗಿ ಅಂಟಿಕೊಳ್ಳುತ್ತದೆ. ಬಿಲ್ಲೆಯಿಂದ ಒಂದು ವೈರು, ಕಿವಿಯ ಮೇಲೆ ಕೂರುವ ಯಂತ್ರಕ್ಕೆ. ಬಿಲ್ಲೆ ತೆಗೆದರೆ ಮತ್ತೆ ಎಲ್ಲ ಮೊದಲಿನ ಹಾಗೇ, ಸದ್ದೇ ಇಲ್ಲ.

ನಿನ್ನೆ ಅದನ್ನು ಮೊದಲ ಸಲ ಚಾಲೂ ಮಾಡಿದರು. ಎಲ್ಲರೂ ನಗುತ್ತಾ ನಿಂತಿದ್ದೆವು. ನಾನು ಏನು ಕರೆಯಬೇಕೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಹೋಗಿದ್ದೆ. ಬಟಾಣಿ ಅಂದೆ. ಅವಳು ನನ್ನನ್ನು ನೋಡಿ ಚಿಟ್ಟನೆ ಚೀರಿ ಬಿಲ್ಲೆ ಕಿತ್ತೆಸೆದಳು. ನನ್ನಿಂದ ದೂರ ಓಡಿ ಮೇಜಿನ ಕೆಳಗೆ ಸೇರಿಕೊಂಡಳು. ಹೀಗಾಗುವುದು ಮಾಮೂಲು, ಹೆದರಿಕೆ ಹೋಗುತ್ತದೆ ಎಂದು ಮೊದಲು ಪರೀಕ್ಷೆ ಮಾಡಿದ್ದ ಆ ಹುಡುಗಿ ಸಮಾಧಾನ ಮಾಡಿದಳು. ನನ್ನ ದನಿ ಕೇಳಿ ನನ್ನ ಮಗು ಓಡಿಹೋಯಿತು ಅಪ್ಪ. ಸಮಾಧಾನ ಎಲ್ಲಿಂದ ಬರಬೇಕು?

ಇನ್ನು ವಾರವಾರವೂ ಮಾತಿನ ತರಬೇತಿ. ಕೇಳಿಸಿದರೆ ಕಿವಿ ತೋರಿಸುವುದು ಮೊದಲ ಪಾಠ. ಸಮಪ್ರಾಯದ ಮಕ್ಕಳು ಈಗ ಎರಡೆರಡು ಮಾತು ಜೋಡಿಸಿ ಆಡುತ್ತವೆ, ಇವಳು ಈಗ ಹುಟ್ಟಿದ ಲೆಕ್ಕ. ಹಿಂದಿನಿಂದ ಓಡುತ್ತಲೇ ಇರಬೇಕು, ಎಷ್ಟು ವರ್ಷವೋ, ಪೂರಾ ಹಿಡಿಯುತ್ತಾಳೋ ಇಲ್ಲವೋ ಯಾರೂ ಹೇಳುವುದಿಲ್ಲ.

ನಿನ್ನ ಮಗಳು

*

ಫೆಬ್ರವರಿ 11

ಅಪ್ಪ,

ಇವತ್ತು ಪಾತ್ರೆ ತೊಳೆಯುತ್ತಾ ನಿಂತಿದ್ದೆ. ಬಟಾಣಿ ಬೆನ್ನು ತಿರುಗಿಸಿಕೊಂಡು ಬಂಡಿ ಆಡುತ್ತಿದ್ದಳು. ಏನೋ ಯೋಚನೆಯಲ್ಲಿ ಬಾಯಿಂದ ಕರೆದೆ. ತಿರುಗಿದಳು. ಸಿಮೆಂಟು ನೆಲದ ಮೇಲೆ ಕೂತು ತಿರುಗಿದಳು ಅಪ್ಪ.

ಅವಳ ದನಿ ಹೇಗಿದೆ ಬರೆ ಎಂದು ನೀನು ಕೇಳಿದ್ದೆ. ಥೇಟ್ ನಿನ್ನದೇ. ಎತ್ತರ ತಗ್ಗು ಗೊತ್ತಿಲ್ಲ, ಹತ್ತಿರವಿದ್ದರೂ ಬೀದಿಗೆ ಕೇಳುವ ಹಾಗೆ. “ಬಾ” ಒಂದು ಬರುತ್ತದೆ. ಬಂಡಿಗೂ ಬಾ, ಬೆಕ್ಕಿಗೂ ಬಾ, ಅವರಪ್ಪನ ಬಸ್ಸಿಗೂ ಬಾ.

ರಜೆ ಹಾಕಿ ನಿನ್ನ ಹತ್ತಿರ ಕರೆದುಕೊಂಡು ಬರುತ್ತೇನೆ. ನೀನು ಅವಳನ್ನು ನೋಡಬೇಕು.

ನಿನ್ನ ಮಗಳು

*

ಏಪ್ರಿಲ್ 20

ನನ್ನ ಕೂಸೇ,

ನೀವು ಹೊರಟ ಮೇಲೆ ಮನೆ ಬಿಕೋ ಎನ್ನುತ್ತಿದೆ ಎಂದು ನಿನ್ನ ಅತ್ತೆ ಹೇಳುತ್ತಾಳೆ. ನನಗೆ ಮನೆ ಯಾವಾಗಲೂ ಹಾಗೇ ಇರುವುದರಿಂದ ಅವಳಷ್ಟು ಗೊತ್ತಾಗುವುದಿಲ್ಲ, ಆದರೂ ಈ ಸಲ ಗೊತ್ತಾಗಿದೆ.

ಹೊರಡುವಾಗ ನೀನು ನನ್ನ ಮುಖ ನೋಡಿ ಏನಾಯಿತು ಎಂದು ಕೇಳಿದೆ. ಬಸ್ಸಿಗೆ ಹೊತ್ತಾಗಿತ್ತು, ಏನಿಲ್ಲ ಎಂದೆ. ಈಗ ಬರೆಯುತ್ತೇನೆ.

ನೀವು ಬಂದ ದಿನ ನೀನೂ ಅತ್ತೆಯೂ ಅಡುಗೆಮನೆಯಲ್ಲಿದ್ದಿರಿ. ಬಟಾಣಿ ಕಿಟಕಿಯ ಹತ್ತಿರ ನಿಂತಿದ್ದಳು. ಇಷ್ಟು ದಿನದ ಮೇಲೆ ಬಂದಿದ್ದಾಳೆ ಎಂದು ಮೊದಲಿನ ಹಾಗೆ ಹಲಗೆಯನ್ನು ಎರಡು ಸಲ ತಟ್ಟಿದೆ. ತಿರುಗಲಿಲ್ಲ. ಇನ್ನೊಂದು ಸಲ ಜೋರಾಗಿ ತಟ್ಟಿದೆ. ಇಲ್ಲ. ಬೆರಳನ್ನು ಕಿವಿಗೆ ಇಟ್ಟುಕೊಂಡು ಕಿಟಕಿಯಾಚೆ ತೋರಿಸುತ್ತಾ ನಿಂತಿದ್ದಳು. ಹೊರಬಂದ ಅತ್ತೆಯನ್ನು ಏನಿದೆ ಅಲ್ಲಿ ಎಂದು ಕೇಳಿದೆ. ಕೆಳಗೆ ಬಡಗಿ ಗರಗಸದ ಹಲ್ಲಿಗೆ ಅರ ಉಜ್ಜುತ್ತಿದ್ದಾನೆ ಎಂದಳು. ಅರದ ಸದ್ದು ಹಲಗೆಗೆ ಬರುವುದಿಲ್ಲ. ಅದು ಕಿವಿಯಿದ್ದವರಿಗೆ ಮಾತ್ರ.

ನಾನು ತಟ್ಟಿದ್ದು ಅವಳ ಅಂಗಾಲಿಗೆ ಗೊತ್ತಾಗದೆ ಇರುತ್ತದೆಯೇ? ಗೊತ್ತಾಗಿರುತ್ತದೆ. ಈಗ ಅದಕ್ಕಿಂತ ಒಳ್ಳೆಯದು ಅವಳಿಗೆ ಸಿಕ್ಕಿದೆ, ಅಷ್ಟೆ. ನಾನು ಎರಡು ವರ್ಷ ಬೇಡಿಕೊಂಡದ್ದು ಅದನ್ನೇ. ಸಂತೋಷವಾಯಿತು. ಹೋಗಿ ಕುರ್ಚಿಯ ಮೇಲೆ ಕೂತೆ, ಕಣ್ಣಲ್ಲಿ ನೀರು ಬಂತು. ಎರಡೂ ನಿಜ.

ಆಮೇಲೆ ಹೊರಡುವ ದಿನ ಬೆಳಿಗ್ಗೆ. ನಾನು ನೆಲದ ಮೇಲೆ ಕೂತು ಅವಳ ಬಂಡಿಯ ಗಾಲಿ ಸರಿಮಾಡುತ್ತಿದ್ದೆ. ಹತ್ತಿರ ಬಂದು ನನಗೆ ಏನೋ ಹೇಳಿದಳು. ತುಟಿ ನೋಡಿದೆ, ಬಾ ಇರಬೇಕು. ನಾನು ಏಳಲಿಲ್ಲ. ಮತ್ತೆ ಹೇಳಿದಳು. ನನ್ನ ಕಿವಿಯನ್ನು ಹಿಡಿದು ಒಳಗೆ ಇಣುಕಿ ನೋಡಿದಳು. ಆಮೇಲೆ ತನ್ನ ಬಿಲ್ಲೆಯನ್ನು ಯಂತ್ರದ ಸಮೇತ ಕಿತ್ತು ನನ್ನ ತಲೆಗೆ ಒತ್ತಿದಳು. ಕೈ ಬಿಟ್ಟಳು, ಬಿತ್ತು. ಎತ್ತಿಕೊಂಡು ಇನ್ನೊಂದು ಕಡೆ ಒತ್ತಿದಳು, ಅಲ್ಲಿಂದಲೂ ಬಿತ್ತು. ನನ್ನ ತಲೆಯಲ್ಲಿ ಅದು ಹಿಡಿದುಕೊಳ್ಳಲು ಏನಿದೆ? ಅವಳಿಗೆ ಅದು ತಿಳಿಯಲಿಲ್ಲ, ನನ್ನ ಮುಖ ನೋಡುತ್ತಾ ಕೂತಳು.

ಬಿಲ್ಲೆ ನನ್ನ ಅಂಗೈಯಲ್ಲಿತ್ತು. ಆ ಹೊತ್ತು ಅವಳೂ ನನ್ನ ಹಾಗೇ ಆಗಿದ್ದಳು. ಕೆಳಗೆ ಬಡಗಿ ಕೊಡತಿ ಹೊಡೆದ, ಇಬ್ಬರೂ ಒಟ್ಟಿಗೆ ತಿರುಗಿದೆವು. ಸುಳ್ಳು ಹೇಳುವುದಿಲ್ಲ ಮಗಳೇ, ಸ್ವಲ್ಪ ಹೊತ್ತು ಹೀಗೇ ಇರಲಿ ಎನ್ನಿಸಿತು. ಬಿಲ್ಲೆ ಕೊಡದೆ ಇಟ್ಟುಕೊಂಡೆ ಕೂಡ.

ಆಮೇಲೆ ನಾನೇ ಅವಳ ಕಿವಿಗೆ ಯಂತ್ರ ಏರಿಸಿ ಬಿಲ್ಲೆಯನ್ನು ತಲೆಯ ಹತ್ತಿರ ಒಯ್ದೆ. ಅದು ನನ್ನ ಬೆರಳಿಂದ ಎಳೆದುಕೊಂಡು ಹೋಗಿ ಅಂಟಿಕೊಂಡಿತು. ಕೂಡಲೇ ಅವಳು ತಿರುಗಿದಳು. ನಾನು ತಿರುಗಲಿಲ್ಲ. ಒಳಗಿನಿಂದ ನೀನು ಕರೆದಿರಬೇಕು. ಎದ್ದು ಓಡಿದಳು. ಹಲಗೆಯ ಮೇಲೆ ಅವಳ ಹೆಜ್ಜೆ ಹೊಸ್ತಿಲ ತನಕ ನನಗೆ ಗೊತ್ತಾಯಿತು. ಅಡುಗೆಮನೆಗೆ ಕಲ್ಲು ಹಾಸಿದೆಯಲ್ಲ, ಅಲ್ಲಿಂದಾಚೆಗೆ ತಿಳಿಯಲಿಲ್ಲ.

ತರಬೇತಿ ತಪ್ಪಿಸಬೇಡ. ಬಂಡಿಯ ಗಾಲಿ ಸರಿಯಾಗಿದೆ, ಎಣ್ಣೆ ಹಾಕಿಲ್ಲ.

ನಿನ್ನ ಅಪ್ಪ